ವಿಐಎಸ್‌ಎಲ್‌ 'ಸ್ಟ್ರಾಟೆಜಿಕ್' ಹೌದೋ ಅಲ್ಲವೋ? ಇಂಥ ಪ್ರಶ್ನೆ ಕೇಳೋದೇ ಒಂದು ವೃತ್ತಿ

ಶಿವಮೊಗ್ಗ/ಭದ್ರಾವತಿ: ರಕ್ಷಣಾ ನೀತಿ ಅಂದ ಕೂಡಲೇ ಮಲೆನಾಡಿನ ಜನರಿಗೆ ನೆನಪಾಗೋದು ಲಡಾಖ್, ಕಾಶ್ಮೀರ, ರಾತ್ರಿ ಒಂಬತ್ತರ ಟಿವಿ ಜಗಳ. ದೆಹಲಿಯವರ ವಿಷಯ, ನಮ್ಮ ಅಂಗಡಿಗೂ ಅದಕ್ಕೂ ಏನು ಸಂಬಂಧ ಅಂತ ಚಾನೆಲ್ ಬದಲಾಯಿಸೋರೇ ಹೆಚ್ಚು. ಆದರೆ ಭದ್ರಾವತಿಯ ರಂಗಪ್ಪ ವೃತ್ತದ ಸುತ್ತಮುತ್ತ ಅಂಗಡಿ ಇಟ್ಟವರ ವ್ಯಾಪಾರವನ್ನು ಹತ್ತು ವರ್ಷದಿಂದ ಅಲ್ಲಾಡಿಸುತ್ತಿರೋದು ಇದೇ ಲೋಕದಿಂದ ಬಂದ ಒಂದು ಪದ. ಅದು 'ಸ್ಟ್ರಾಟೆಜಿಕ್'.

2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸೇಲ್‌ ಸಂಸ್ಥೆಯ ಮೂರು ಕಾರ್ಖಾನೆಗಳ 'ಸ್ಟ್ರಾಟೆಜಿಕ್ ಡಿಸ್‌ಇನ್ವೆಸ್ಟ್‌ಮೆಂಟ್‌'ಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ತಮಿಳುನಾಡಿನ ಸೇಲಂ, ಬಂಗಾಳದ ದುರ್ಗಾಪುರ, ಮೂರನೆಯದು ಭದ್ರಾವತಿಯ ವಿಐಎಸ್‌ಎಲ್‌. ಇಲ್ಲಿ ಸ್ಟ್ರಾಟೆಜಿಕ್ ಅಂದರೆ ಪಾಲಿನ ಜೊತೆ ಆಡಳಿತದ ಹಿಡಿತವನ್ನೂ ಖಾಸಗಿಯವರಿಗೆ ಬಿಟ್ಟುಕೊಡೋದು. 2021ರ ಫೆಬ್ರವರಿಯಲ್ಲಿ ಅದೇ ಪದ ಬೇರೆ ಅರ್ಥದಲ್ಲಿ ಬಂತು. ಸರ್ಕಾರ ತನ್ನ ಕಂಪನಿಗಳಿಗೆ ಹೊಸ ನೀತಿ ಪ್ರಕಟಿಸಿ ನಾಲ್ಕು ವಲಯಗಳನ್ನು ಸ್ಟ್ರಾಟೆಜಿಕ್ ಅಂತ ಗುರುತಿಸಿತು: ಅಣುಶಕ್ತಿ-ಬಾಹ್ಯಾಕಾಶ-ರಕ್ಷಣೆ ಒಂದು, ಸಾರಿಗೆ-ದೂರಸಂಪರ್ಕ ಇನ್ನೊಂದು, ವಿದ್ಯುತ್-ಪೆಟ್ರೋಲಿಯಂ-ಕಲ್ಲಿದ್ದಲು ಮತ್ತಿತರ ಖನಿಜ ಮೂರನೆಯದು, ಬ್ಯಾಂಕು-ವಿಮೆ-ಹಣಕಾಸು ನಾಲ್ಕನೆಯದು. ಈ ವಲಯಗಳಲ್ಲಿ ಸರ್ಕಾರ ಅಷ್ಟೋ ಇಷ್ಟೋ ಕಂಪನಿ ಉಳಿಸಿಕೊಳ್ಳುತ್ತೆ, ಉಳಿದದ್ದರಿಂದ ಹೊರಗೆ ಬರುತ್ತೆ ಅನ್ನೋದು ನೀತಿಯ ಸಾರ.

ಪಟ್ಟಿಯಲ್ಲಿ ಉಕ್ಕಿನ ಹೆಸರಿಲ್ಲ. ವಿಮಾ ಕಂಪನಿ ಸ್ಟ್ರಾಟೆಜಿಕ್, ಉಕ್ಕಿನ ಕಾರ್ಖಾನೆ ಅಲ್ಲ! ಫಿರಂಗಿ, ಟ್ಯಾಂಕು, ಯುದ್ಧನೌಕೆ ಇವೆಲ್ಲ ಯಾವುದರಿಂದ ಆಗುತ್ತೆ ಅಂತ ಕೇಳಲು ಯಾರೂ ಪಿಎಚ್‌ಡಿ ಮಾಡಬೇಕಿಲ್ಲ. ಆದರೆ ಉಕ್ಕನ್ನು ಬಿಟ್ಟು ವಿಮೆಯನ್ನು ಸೇರಿಸಿದ ಲೆಕ್ಕಾಚಾರ ಯಾವುದು, ಯಾವ ಸಮಿತಿಯಲ್ಲಿ ಅದು ತೀರ್ಮಾನ ಆಯ್ತು, ಅಲ್ಲಿ ರಕ್ಷಣಾ ಇಲಾಖೆಯ ಮಾತು ಎಷ್ಟು ನಡೆಯಿತು, ಹಣಕಾಸು ಇಲಾಖೆಯ ಮಾತು ಎಷ್ಟು ನಡೆಯಿತು ಅಂತ ಕಡತ ಹಿಡಿದು ಕೂತು ಬಿಡಿಸೋಕೆ ತರಬೇತಿ ಬೇಕು. ರಾಜ್ಯಶಾಸ್ತ್ರದಲ್ಲಿ ಅದಕ್ಕೇ ಒಂದು ಕವಲು ಇದೆ: ರಕ್ಷಣಾ ನೀತಿ ಮತ್ತು ಅಂತರರಾಷ್ಟ್ರೀಯ ಭದ್ರತೆಯ ಅಧ್ಯಯನ. ಜೀವಮಾನ ಪೂರ್ತಿ ಇದನ್ನೇ ಮಾಡಿದವರಿದ್ದಾರೆ. ಅವರು ಏನು ಮಾಡಿದರು ಅನ್ನೋದು ಗೊತ್ತಾದರೆ ಭದ್ರಾವತಿಗೆ ಏನು ಬೇಕು ಅನ್ನೋದೂ ಸ್ವಲ್ಪ ಗೊತ್ತಾಗುತ್ತೆ.

ಬಂದೂಕು ಹಿಡಿಯದವರು, ಸೇನೆಯನ್ನು ಓದಿದವರು

ಅಮೆರಿಕದ ಷಿಕಾಗೋದಲ್ಲಿ 1936ರಲ್ಲಿ ಹುಟ್ಟಿದ ಸ್ಟೀಫನ್ ಕೊಹೆನ್ ಎಂಬ ರಾಜ್ಯಶಾಸ್ತ್ರಜ್ಞ 1960ರ ದಶಕದಲ್ಲಿ ಭಾರತದ ಸೇನೆಯ ಬಗ್ಗೆ ಪಿಎಚ್‌ಡಿ ಮಾಡಲು ಹೊರಟರು. ಯುದ್ಧ ಹೇಗೆ ಮಾಡ್ತಾರೆ ಅನ್ನೋದಕ್ಕಿಂತ ಈ ಸೇನೆಗೆ ಯಾರನ್ನು ಸೇರಿಸ್ಕೋತಾರೆ, ಯಾಕೆ, ಸೇನೆ ಯಾರ ಮಾತು ಕೇಳುತ್ತೆ ಅನ್ನೋದೇ ಅವರಿಗೆ ಮುಖ್ಯವಾಗಿತ್ತು. 1971ರಲ್ಲಿ ಭಾರತೀಯ ಸೇನೆಯ ಬಗ್ಗೆ ಪುಸ್ತಕ ಬಂತು. 1984ರಲ್ಲಿ ಪಾಕಿಸ್ತಾನದ ಸೇನೆಯ ಬಗ್ಗೆ ಇನ್ನೊಂದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1965ರಿಂದ 1998ರವರೆಗೆ ಪಾಠ ಮಾಡಿದರು. ನಡುವೆ ಎರಡು ವರ್ಷ ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಕೆಲಸ, ಕೊನೆಗೆ ವಾಷಿಂಗ್ಟನ್‌ನ ಬ್ರೂಕಿಂಗ್ಸ್ ಸಂಸ್ಥೆ. 2019ರಲ್ಲಿ ತೀರಿಕೊಂಡರು. ಭಾರತದ ಭದ್ರತೆ ಬಗ್ಗೆ ಇವತ್ತು ಬರೆಯುವ ಹಲವು ಪ್ರಾಧ್ಯಾಪಕರು ಅವರ ಶಿಷ್ಯರು.

2010ರಲ್ಲಿ ಸುನಿಲ್ ದಾಸ್‌ಗುಪ್ತಾ ಅವರ ಜೊತೆ ಬರೆದ ಪುಸ್ತಕದಲ್ಲಿ ಕೊಹೆನ್ ಒಂದು ಖಾರದ ಮಾತು ಹೇಳಿದ್ದರು. ಭಾರತ ಆಯುಧ ಕೊಳ್ಳುತ್ತೆ, ಆದರೆ ಯಾವ ಗುರಿಗೆ ಅನ್ನೋ ಸ್ಪಷ್ಟ ರಾಜಕೀಯ ಯೋಜನೆ ಇರಲ್ಲ ಅನ್ನೋದು ವಾದದ ತಿರುಳು. ದೆಹಲಿಯಲ್ಲಿ ಇದನ್ನು ಒಪ್ಪದವರು ಬಹಳ. ಒಪ್ಪಲಿ ಬಿಡಲಿ, ಮನೆಯಲ್ಲಿ ಪಟ್ಟಿ ಬರೆಯದೆ ಸಂತೆಗೆ ಹೋದವನ ಚೀಲದಲ್ಲಿ ಏನೇನು ಇರುತ್ತೆ ಅನ್ನೋದು ಶಿವಮೊಗ್ಗದ ಗಾಂಧಿ ಬಜಾರಿನ ಯಾವ ವ್ಯಾಪಾರಿಗೂ ಗೊತ್ತು.

ಭಾರತದಲ್ಲಿ ಈ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕೆ. ಸುಬ್ರಹ್ಮಣ್ಯಂ ಪದವಿ ಲೆಕ್ಕದಲ್ಲಿ ರಾಜ್ಯಶಾಸ್ತ್ರಜ್ಞರೇ ಅಲ್ಲ. ತಿರುಚಿನಾಪಳ್ಳಿಯಲ್ಲಿ 1929ರಲ್ಲಿ ಹುಟ್ಟಿ, ಕೆಮಿಸ್ಟ್ರಿ ಎಂಎಸ್ಸಿ ಮಾಡಿ, 1951ರಲ್ಲಿ ಐಎಎಸ್ ಸೇರಿದವರು. ರಕ್ಷಣಾ ಇಲಾಖೆಯಲ್ಲಿ ಕೆಲಸ ಮಾಡ್ತಾ ಈ ವಿಷಯದ ಹುಚ್ಚು ಹಿಡೀತು. 1965ರಲ್ಲಿ ದೆಹಲಿಯಲ್ಲಿ ರಕ್ಷಣಾ ಅಧ್ಯಯನ ಸಂಸ್ಥೆ, ಅಂದರೆ ಐಡಿಎಸ್‌ಎ, ಶುರುವಾಯ್ತು. 1968ರಲ್ಲಿ ಅದರ ನಿರ್ದೇಶಕರಾದರು. ಅಲ್ಲಿಂದ ಪತ್ರಿಕೆಗಳಲ್ಲಿ ದಶಕಗಟ್ಟಲೆ ಬರೆದರು. ಅಣುಬಾಂಬು ಬೇಕೋ ಬೇಡವೋ ಅನ್ನೋ ಚರ್ಚೆಯನ್ನು ಅಧಿಕಾರಿಗಳ ಕೋಣೆಯಿಂದ ದಿನಪತ್ರಿಕೆಯ ಪುಟಕ್ಕೆ ತಂದವರಲ್ಲಿ ಅವರು ಮೊದಲಿಗರು. ಇವತ್ತಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರ ಮಗ. ಜೈಶಂಕರ್ ಸ್ವಲ್ಪ ಕಾಲ ಓದಿದ್ದು ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ, ಆಮೇಲೆ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಲ್ಲೇ ಪಿಎಚ್‌ಡಿ.

ಸುಬ್ರಹ್ಮಣ್ಯಂ ಅವರ ಬದುಕಿನ ದೊಡ್ಡ ಕೆಲಸ ಬಂದದ್ದು ನಿವೃತ್ತಿಯಾದ ಎಷ್ಟೋ ವರ್ಷದ ಮೇಲೆ. 1999ರಲ್ಲಿ ಕಾರ್ಗಿಲ್ ಯುದ್ಧ ಮುಗಿದ ಬೆನ್ನಿಗೇ ಸರ್ಕಾರ ಪರಿಶೀಲನಾ ಸಮಿತಿ ಮಾಡಿ ಅವರನ್ನು ಅಧ್ಯಕ್ಷರನ್ನಾಗಿಸಿತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ವರದಿ ಸಿದ್ಧ. 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಗುಪ್ತ ಭಾಗಗಳನ್ನು ಕತ್ತರಿಸಿ ಪುಸ್ತಕವಾಗಿಯೂ ಮಾರಾಟಕ್ಕೆ ಬಂತು. ಯಾರು ಬೇಕಾದರೂ ಕೊಂಡು ಓದಬಹುದಿತ್ತು. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಅಧಿಕಾರಿಗಳು 1963ರಲ್ಲೇ ಕೊಟ್ಟ ವರದಿಯನ್ನು ಇವತ್ತಿಗೂ ಸರ್ಕಾರ ಪ್ರಕಟಿಸಿಲ್ಲ. ಯಾವ ಪಕ್ಷ ಬಂದರೂ ಅದೇ ಬೀಗ. ಹಾಗಾಗಿ ಕಾರ್ಗಿಲ್ ವರದಿ ಹೊರಬಂದದ್ದೇ ಒಂದು ವಿಶೇಷ.

ಆ ವರದಿಯ ಮೇಲೆ ಕೂತ ಸಚಿವರ ಗುಂಪು 2001ರಲ್ಲಿ ಮೂರೂ ಸೇನೆಗೆ ಸೇರಿ ಒಬ್ಬ ರಕ್ಷಣಾ ಮುಖ್ಯಸ್ಥ ಬೇಕು ಅಂತ ಶಿಫಾರಸು ಮಾಡಿತು. ಜನರಲ್ ಬಿಪಿನ್ ರಾವತ್ ಆ ಹುದ್ದೆಗೆ ಬಂದದ್ದು 2020ರ ಜನವರಿ 1ರಂದು. ಲೆಕ್ಕ ಹಾಕಿ, ಸುಮಾರು 19 ವರ್ಷ. ಸುಬ್ರಹ್ಮಣ್ಯಂ ಅದನ್ನು ನೋಡಲಿಲ್ಲ, 2011ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. 1999ರಲ್ಲಿ ಪದ್ಮಭೂಷಣ ಕೊಡ್ತೀವಿ ಅಂದಾಗ ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದ ಪ್ರಶಸ್ತಿ ತಗೋಬಾರದು ಅಂತ ಬೇಡವೆಂದಿದ್ದರು. ಈ ಕಸುಬಿನಲ್ಲಿ ಫಲ ತಡವಾಗಿ ಬರುತ್ತೆ, ಬಂದಾಗ ಹೆಸರು ಬೇರೆಯವರದ್ದಿರುತ್ತೆ.

ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯ ಅವರ ಪ್ರಸಂಗವೂ ಇಂಥ ವಿದ್ವಾಂಸರು ಮತ್ತೆ ಮತ್ತೆ ಓದುವ ವಿಷಯ. ಸೇನಾ ಮುಖ್ಯಸ್ಥರಾಗಿದ್ದ ಅವರು 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಸರಿ ಹೋಗದೆ ರಾಜೀನಾಮೆ ಕೊಟ್ಟರು, ನೆಹರೂ ಹೇಳಿದ ಮೇಲೆ ವಾಪಸ್ ತಗೊಂಡರು. ಕೊಡಗಿನಲ್ಲಿ ಇದು ಅಭಿಮಾನದ ಕಥೆ. ಸಂಶೋಧಕರು ಇದರಲ್ಲಿ ಕಾಣೋದು ಬೇರೆ: ಸಚಿವ ಮತ್ತು ಸೇನಾಧಿಕಾರಿ ನಡುವೆ ಮಾತು ನಿಂತರೆ ದೇಶ ಮೂರು ವರ್ಷದ ಮೇಲೆ ಏನು ಬೆಲೆ ಕೊಡುತ್ತೆ ಅನ್ನೋದು.

ಭದ್ರಾವತಿಯ ಲೆಕ್ಕ

ಇದೇ ಕಣ್ಣಿನಿಂದ ವಿಐಎಸ್‌ಎಲ್‌ ನೋಡಿದರೆ ಹೇಗೆ ಕಾಣುತ್ತೆ?

ಕಾರ್ಖಾನೆಗೆ ಅಡಿಪಾಯ ಬಿದ್ದದ್ದು ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ಪ್ಯಾಲೆಸ್ತೀನ್‌ನ ಹೈಫಾ ಪಟ್ಟಣ ಗೆದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಯುದ್ಧಕ್ಕೆ ಸೈನಿಕರನ್ನೂ ಕಳಿಸಿತು, ಕಬ್ಬಿಣಕ್ಕೂ ಕೈ ಹಾಕಿತು. ಆದರೆ 1923ರ ಜನವರಿಯಲ್ಲಿ ಇದ್ದಿಲಿನ ಕುಲುಮೆಯಿಂದ ಮೊದಲ ಕಬ್ಬಿಣ ಹೊರಬರೋ ಹೊತ್ತಿಗೆ ಯುದ್ಧ ಮುಗಿದು, ಕಬ್ಬಿಣದ ಬೆಲೆ ಕುಸಿದಿತ್ತು. ಮುಚ್ಚೋದೇ ವಾಸಿ ಅನ್ನೋ ಮಾತು ಆಗಲೇ ಎದ್ದಿತ್ತು. ಮುಚ್ಚದೆ ನಡೆಸಿದ್ದು ಆಡಳಿತ ಮಂಡಳಿ ಅಧ್ಯಕ್ಷರಾಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯ. ಅಂದರೆ 'ನಷ್ಟ, ಮುಚ್ಚಿ' ಅನ್ನೋ ವಾದಕ್ಕೆ ಕಾರ್ಖಾನೆಯಷ್ಟೇ ವಯಸ್ಸು.

1936ರಲ್ಲಿ ಉಕ್ಕು ಶುರುವಾಯ್ತು. 1989ರಲ್ಲಿ ಸೇಲ್‌ ಕೈಗೆ ಹೋಯ್ತು, 1998ರಲ್ಲಿ ಅದರಲ್ಲೇ ವಿಲೀನ. ವಾಹನ ಉದ್ಯಮ, ರೈಲ್ವೆ ಜೊತೆ ರಕ್ಷಣಾ ಕ್ಷೇತ್ರಕ್ಕೂ ಬೇಕಾದ ಮಿಶ್ರಲೋಹದ ವಿಶೇಷ ಉಕ್ಕು ಇಲ್ಲಿನ ಹೆಗ್ಗಳಿಕೆ. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಸ್ವಂತ ಗಣಿ ಇಲ್ಲದ್ದು ದೊಡ್ಡ ಪೆಟ್ಟು. 2022ರಲ್ಲಿ ಖಾಸಗಿಯವರಿಗೆ ಮಾರೋ ಪ್ರಕ್ರಿಯೆ ಕೈಬಿಟ್ಟರು, 2023ರ ಜನವರಿಯಲ್ಲಿ ಮುಚ್ಚೋ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಉಕ್ಕು ಸಚಿವರಾದ ಮೇಲೆ ಪುನಶ್ಚೇತನದ ಭರವಸೆ. ಊರಿನವರಿಗೆ ಇದೆಲ್ಲ ಬಾಯಿಪಾಠ. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತಾಗ ಪೇಪರ್ ಟೌನ್ ಅಂಗಡಿಗಳ ಗತಿ ಏನಾಯ್ತು ಅನ್ನೋದನ್ನೂ ಯಾರೂ ಹೇಳಿಕೊಡಬೇಕಿಲ್ಲ.

ಈ ಹೋರಾಟದಲ್ಲಿ 'ದೇಶದ ರಕ್ಷಣೆಗೆ ಉಕ್ಕು ಕೊಡುವ ಕಾರ್ಖಾನೆ' ಅನ್ನೋ ಮಾತು ಬರುತ್ತಲೇ ಇದೆ. ಮಾತು ಸುಳ್ಳಲ್ಲ. ಆದರೆ ಘೋಷಣೆಯ ಮಟ್ಟದಲ್ಲೇ ನಿಂತುಬಿಟ್ಟಿದೆ. ರಕ್ಷಣಾ ನೀತಿ ಓದಿದವರ ಮುಂದೆ ಇಟ್ಟರೆ ಅವರು ತಕ್ಷಣ ಮುಜುಗರದ ಪ್ರಶ್ನೆ ಕೇಳ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ಹಡಗಿಗೆ ಸೇಲ್‌ ಸುಮಾರು 30,000 ಟನ್ ವಿಶೇಷ ಉಕ್ಕು ಕೊಟ್ಟಿತು. ಅದು ಬಂದದ್ದು ಭಿಲಾಯಿ, ಬೊಕಾರೊ, ರೂರ್ಕೆಲಾದಿಂದ. ಹಾಗಾದರೆ ಭದ್ರಾವತಿ ಮಾಡೋ ಉಕ್ಕಲ್ಲಿ ಬೇರೆ ಎಲ್ಲೂ ಸಿಗದ ಗ್ರೇಡು ಯಾವುದು? ಅದನ್ನು ಕೊಳ್ಳುವ ಸೇನಾ ಕಾರ್ಖಾನೆ ಯಾವುದು? ಇಲ್ಲಿ ನಿಂತರೆ ಅವರು ಖಾಸಗಿಯವರಿಂದ ಕೊಳ್ತಾರಾ, ಹೊರದೇಶದಿಂದ ತರಿಸ್ತಾರಾ? 2020ರ ಆಗಸ್ಟ್‌ನಲ್ಲಿ ಸರ್ಕಾರವೇ 101 ರಕ್ಷಣಾ ವಸ್ತುಗಳ ಆಮದು ನಿಲ್ಲಿಸ್ತೀವಿ ಅಂತ ಮೊದಲ ಪಟ್ಟಿ ಬಿಟ್ಟಿತು, ಆಮೇಲೂ ಪಟ್ಟಿಗಳು ಬಂದವು. ದೇಶದಲ್ಲೇ ಮಾಡಬೇಕು ಅಂತ ಒಂದು ಇಲಾಖೆ ಹೇಳುವಾಗ, ಅದಕ್ಕೆ ಬೇಕಾದ ವಿಶೇಷ ಉಕ್ಕಿನ ಕುಲುಮೆಯನ್ನು ಇನ್ನೊಂದು ಇಲಾಖೆ ಆರಿಸೋದು ಸರಿಯಾ ಅನ್ನೋದು ನಿಜವಾದ ವಾದ. ಅದನ್ನು ಗ್ರೇಡು, ಟನ್ನು, ಗಿರಾಕಿ ಹೆಸರು ಸಮೇತ ಬರೆದಿಟ್ಟರೆ ಮಾತ್ರ ದೆಹಲಿಯ ಮೇಜಿನ ಮೇಲೆ ನಿಲ್ಲುತ್ತೆ. ಉತ್ತರ ಭದ್ರಾವತಿ ಪರವಾಗೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ ಅನ್ನೋದನ್ನೂ ಒಪ್ಪಿಕೊಂಡೇ ಹೊರಡಬೇಕು.

ಅಗ್ನಿವೀರರು ವಾಪಸ್ ಬಂದಾಗ

ಇನ್ನೊಂದು ವಿಷಯ ಇನ್ನೂ ಹೆಚ್ಚು ಮನೆಗಳಿಗೆ ತಟ್ಟುತ್ತೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆ ಆಯ್ತು. ನಾಲ್ಕು ವರ್ಷ ಸೇವೆ, ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಪ್ಯಾಕೇಜ್, ಕೊನೆಗೆ ಸುಮಾರು 11.71 ಲಕ್ಷ ಸೇವಾ ನಿಧಿ, ಗರಿಷ್ಠ 25 ಪರ್ಸೆಂಟ್ ಜನ ಮಾತ್ರ ಕಾಯಂ. ಪಿಂಚಣಿ ಇಲ್ಲ. ಮೊದಲ ಬ್ಯಾಚು ತರಬೇತಿಗೆ ಹೋದದ್ದು 2022ರ ಕೊನೆ, 2023ರ ಶುರುವಿನಲ್ಲಿ. ಹಾಗಾಗಿ ಅವರ ನಾಲ್ಕು ವರ್ಷ ತುಂಬೋದು 2026ರ ಕೊನೆ, 2027ರ ಆರಂಭದ ಹೊತ್ತಿಗೆ.

ಇಲ್ಲಿ ಕೊಹೆನ್ ಅವರ ಹಳೇ ಪ್ರಶ್ನೆ ಮತ್ತೆ ಏಳುತ್ತೆ: ಸೇನೆಗೆ ಯಾರು ಸೇರ್ತಾರೆ, ಯಾಕೆ? ಬ್ರಿಟಿಷರು 19ನೇ ಶತಮಾನದ ಕೊನೆಯಲ್ಲಿ 'ಯೋಧ ಜನಾಂಗ' ಅನ್ನೋ ಸಿದ್ಧಾಂತ ಕಟ್ಟಿ ದಕ್ಷಿಣದವರ ನೇಮಕಾತಿ ಇಳಿಸಿದರು, ಪಂಜಾಬಿನವರು ಮತ್ತು ಗೂರ್ಖಾಗಳಿಗೆ ಆದ್ಯತೆ ಕೊಟ್ಟರು. ಪಂಜಾಬಿನ ಹಳ್ಳಿಗಳಲ್ಲಿ ಅಜ್ಜ, ಅಪ್ಪ, ಮಗ ಮೂವರೂ ಸಿಪಾಯಿ ಆಗೋದು, ಮಲೆನಾಡಿನಲ್ಲಿ ಅಂಥ ಮನೆ ಕಡಿಮೆ ಇರೋದು ಗುಣದಿಂದಲ್ಲ, ಆ ನೀತಿಯಿಂದ. ಸ್ವಾತಂತ್ರ್ಯ ಬಂದ ಮೇಲೂ ಹಳೇ ರೆಜಿಮೆಂಟುಗಳ ಜಾತಿ-ಪ್ರಾಂತ್ಯದ ಚಹರೆ ಪೂರ್ತಿ ಹೋಗಲಿಲ್ಲ. ಅಗ್ನಿಪಥದಲ್ಲಿ 'ಅಖಿಲ ಭಾರತ, ಎಲ್ಲ ವರ್ಗ' ಅನ್ನೋ ಸೂತ್ರ ತಂದಿದ್ದಾರೆ. ಮಲೆನಾಡಿನ ಹುಡುಗರಿಗೆ ಬಾಗಿಲು ಅಗಲ ಆಗುತ್ತಾ? ಆಗಬಹುದು. ವಾಪಸ್ ಬರುವ 75 ಪರ್ಸೆಂಟ್ ಹುಡುಗರು ಆ ಹನ್ನೊಂದು ಲಕ್ಷ ಇಟ್ಟುಕೊಂಡು ಅಂಗಡಿ ಹಾಕ್ತಾರಾ, ಪೊಲೀಸ್ ಪರೀಕ್ಷೆಗೆ ಕೂರ್ತಾರಾ, ಬೆಂಗಳೂರಿನ ಸೆಕ್ಯುರಿಟಿ ಏಜೆನ್ಸಿ ಹಿಡೀತಾರಾ? ತಾಲೂಕಿಗೆ ಒಬ್ಬ ಸಂಶೋಧಕ ಮೂರು ವರ್ಷ ಇದನ್ನೇ ಬೆನ್ನು ಹತ್ತಿ ಲೆಕ್ಕ ಇಟ್ಟರೆ ದೇಶಕ್ಕೇ ಬೇಕಾಗುವ ಅಧ್ಯಯನ ಅದು.

ಸಮವಸ್ತ್ರ ಬಂತು, ಪ್ರಶ್ನೆ ಕೇಳೋರು ಎಲ್ಲಿ?

ಭದ್ರತೆಯ ಹೆಸರಲ್ಲಿ ಜಿಲ್ಲೆಗೆ ಈಗಾಗಲೇ ಎರಡು ದೊಡ್ಡ ಸಂಗತಿ ಬಂದಿವೆ. 2021ರ ಜನವರಿ 16ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಭದ್ರಾವತಿಯ ಬುಳ್ಳಾಪುರದಲ್ಲಿ ಕ್ಷಿಪ್ರ ಕಾರ್ಯಾಚರಣೆ ಪಡೆಯ 97ನೇ ಬೆಟಾಲಿಯನ್ ಕೇಂದ್ರಕ್ಕೆ ಶಂಕುಸ್ಥಾಪನೆ ಮಾಡಿದರು. ಜಾಗ 50.29 ಎಕರೆ. ಇನ್ನೊಂದು ಶಿವಮೊಗ್ಗದ ರಾಗಿಗುಡ್ಡದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್. ಗುಜರಾತಿನ ಗಾಂಧಿನಗರದಲ್ಲಿ ಮುಖ್ಯ ಕೇಂದ್ರ ಇರುವ ಈ ವಿವಿ 2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆ ಆಯ್ತು. ಇದು ಬರೋದು ಗೃಹ ಇಲಾಖೆ ಕೆಳಗೆ.

ಹೆಸರಲ್ಲಿ 'ರಕ್ಷಾ' ಇದೆ ಅಂತ ಇದನ್ನು ಸೇನೆಯ ಕಾಲೇಜು ಅಂದುಕೊಂಡವರು ಬಹಳ ಜನ. ಇಲ್ಲಿ ಒತ್ತು ಇರೋದು ಪೊಲೀಸಿಂಗ್, ಸೈಬರ್ ಸುರಕ್ಷತೆ ಥರದ ಆಂತರಿಕ ಭದ್ರತೆಗೆ. ಆರ್‌ಎಎಫ್ ಕೂಡ ಸಿಆರ್‌ಪಿಎಫ್‌ನ ಅಂಗ, ಗಲಭೆ ನಿಯಂತ್ರಣಕ್ಕೆ ಇರೋದು. ಒಳಗಿನ ಭದ್ರತೆ ಗೃಹ ಇಲಾಖೆ, ಹೊರಗಿನದು ರಕ್ಷಣಾ ಇಲಾಖೆ. ರಾಜ್ಯಶಾಸ್ತ್ರದ ಮೊದಲ ಪಾಠವೇ ಈ ಗೆರೆ. ಶಾ ಬಂದು ಹೋದ ಐದೇ ದಿನಕ್ಕೆ, ಜನವರಿ 21ರ ರಾತ್ರಿ, ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು, ಭೂಕಂಪ ಅಂತ ಊರೂರು ಜನ ಹೊರಗೆ ಓಡಿ ಬಂದರು. ಅವತ್ತು ಬೇಕಿದ್ದದ್ದು ಬೆಟಾಲಿಯನ್ ಅಲ್ಲ, ಜಿಲ್ಲೆಯೊಳಗೆ ಜಿಲೆಟಿನ್ ಹೇಗೆ ಬರುತ್ತೆ ಅಂತ ನೋಡುವ ಒಂದು ಕಣ್ಣು. ಭದ್ರತೆ ಅಂದರೆ ಏನು, ಯಾರ ಭದ್ರತೆ ಅನ್ನೋ ಚರ್ಚೆ ವಿದ್ವಾಂಸರ ನಡುವೆ ಇಂಥ ಕಡೆಯಿಂದಲೇ ಬೆಳೆದದ್ದು.

ಯುವಕರಿಗೆ ಕಾನ್ಸ್‌ಟೇಬಲ್, ಸೈಬರ್ ತಜ್ಞ ಆಗೋ ದಾರಿ ಊರಲ್ಲೇ ಸಿಗೋದು ಒಳ್ಳೇದೇ. ಕಡಿಮೆ ಇರೋದು ಈ ತೀರ್ಮಾನಗಳನ್ನೇ ವಿಷಯ ಮಾಡಿಕೊಂಡು ಓದುವವರು. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲೇ ಕುವೆಂಪು ವಿವಿ ಇದೆ, ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಲಾ ಕಾಲೇಜು ಇದೆ. ಬಿಎನಲ್ಲಿ ರಾಜ್ಯಶಾಸ್ತ್ರ ತಗೊಂಡ ಮಕ್ಕಳನ್ನು ಕೇಳಿದರೆ ಕೆಎಎಸ್, ಎಫ್‌ಡಿಎ, ಇಲ್ಲ ಬಿ.ಎಡ್. ತಪ್ಪೇನಿಲ್ಲ, ಮನೆ ನಡೀಬೇಕು. ಆದರೆ ಆಗುಂಬೆ ಘಾಟಿ ಇಳಿದರೆ ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳಿಗೇ ಒಂದು ವಿಭಾಗ ಇದೆ. ಬೆಂಗಳೂರಿನಲ್ಲಿ, ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿ 1988ರಲ್ಲಿ ಶುರುವಾದ ನಿಯಾಸ್ ಸಂಸ್ಥೆಯಲ್ಲಿ ಸಂಘರ್ಷ ಮತ್ತು ಭದ್ರತಾ ಅಧ್ಯಯನದ ವಿಭಾಗ ಇದೆ. ಪುಣೆ, ಮದ್ರಾಸ್ ವಿವಿಗಳಲ್ಲಿ ರಕ್ಷಣಾ ಅಧ್ಯಯನವೇ ಪ್ರತ್ಯೇಕ ವಿಷಯ. ಎಂಎ ಮುಗಿಸಿ ಜೆಆರ್‌ಎಫ್ ಪಾಸಾದರೆ 2023ರ ಪರಿಷ್ಕರಣೆ ಪ್ರಕಾರ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಅದೂ ಓದೋದಕ್ಕೆ.

ಕಷ್ಟವೂ ಇದೆ. ಕಾಯಂ ಪ್ರಾಧ್ಯಾಪಕ ಹುದ್ದೆ ಕಡಿಮೆ, ಇಂಗ್ಲಿಷ್ ಇಲ್ಲದೆ ನಡೆಯಲ್ಲ, ಕಡತ ಕೇಳಿದರೆ ರಹಸ್ಯ ಅಂತಾರೆ. ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ದೇಶದ ಭದ್ರತೆಗೆ ವಿನಾಯಿತಿ ಇದೆ, ಅದನ್ನು ಧಾರಾಳವಾಗಿ ಬಳಸ್ತಾರೆ. ಕನ್ನಡದಲ್ಲಂತೂ ಈ ವಿಷಯದ ಪುಸ್ತಕ ಹುಡುಕಿದರೆ ಸಿಗೋದು ಹೆಚ್ಚಾಗಿ ವೀರಗಾಥೆಗಳು.

ಆದರೂ ಮುಚ್ಚಿಡದ ಕಾಗದ ಬೇಕಾದಷ್ಟಿದೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು, ಸಿಎಜಿ ವರದಿಗಳು, ಲೋಕಸಭೆ-ರಾಜ್ಯಸಭೆಯ ಪ್ರಶ್ನೋತ್ತರ ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ವಿಐಎಸ್‌ಎಲ್‌ ಬಗ್ಗೆ ಸಂಸದರು ಕೇಳಿದ್ದಕ್ಕೆ ಉಕ್ಕು ಸಚಿವರು ವರ್ಷ ವರ್ಷ ಕೊಟ್ಟ ಉತ್ತರಗಳು ಅಲ್ಲೇ ಸಿಗುತ್ತವೆ. 2016ರಿಂದ ಈಚಿನವನ್ನು ಸಾಲಾಗಿ ಜೋಡಿಸಿ, ಯಾವ ವರ್ಷ ಮಾತು ಬದಲಾಯ್ತು ಅಂತ ಗುರುತು ಹಾಕುವ ಕೆಲಸಕ್ಕೆ ಭದ್ರಾವತಿಯ ಒಬ್ಬ ಎಂಎ ವಿದ್ಯಾರ್ಥಿಗೆ ಒಂದು ಬೇಸಿಗೆ ರಜೆ ಸಾಕು.